ಮೆಲ್ಲಗೆ ಮಾತಾಡಿ ಎಂದವರು

ನನ್ನ ಗಂಡ ಜೋರಾಗಿ ಮಾತಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ದಿನ ನಡೆದದ್ದಕ್ಕೆಲ್ಲ ಅವರ ಗಂಟಲೇ ಕಾರಣ ಎಂದು ಹೇಳಿದವರಿದ್ದಾರೆ. ನಾನು ಆ ಮಾತನ್ನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದಿನ ಭಾಗದಲ್ಲಿ ನಾವಿರುತ್ತೇವೆ, ಹಿಂದಿನ ಭಾಗದಲ್ಲಿ ಕರೆಂಟಿನ ಮಗ್ಗಗಳಿವೆ. ಅವರು ಸೀರೆ ನೇಯುತ್ತಾರೆ, ನಾನು ಪಕ್ಕದಲ್ಲಿ ಕೂತು ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತುತ್ತೇನೆ. ಮೀಸೆ ಮೂಡುವ ಮೊದಲೇ ಮಗ್ಗದ ಮುಂದೆ ನಿಂತವರು ಅವರು. ಕಿವಿಗೆ ಒಂದು ಚೂರು ಹತ್ತಿ ಇಟ್ಟುಕೋ ಎಂದು ಆಗ ಅವರಿಗೆ ಯಾರೂ ಹೇಳಲಿಲ್ಲ. ಮೂಲೆ ಮೂಲೆಯಲ್ಲೂ ನೂಲು ತುಂಬಿದ್ದ ಮನೆಯಲ್ಲಿ ಹುಡುಗನ ಕಿವಿಗೆ ಇಡಲು ಒಂದು ಉಂಡೆ ಹತ್ತಿ ಯಾರಿಗೂ ನೆನಪಾಗಲಿಲ್ಲ. ಮಗ್ಗ ಓಡುವಾಗ ಅದರ ಪಕ್ಕ ನಿಂತು ನೋಡಿ, ಆ ಸದ್ದು ಹಲ್ಲಿನೊಳಗೆ ಇಳಿಯುತ್ತದೆ. ಅದನ್ನೇ ದಿನವಿಡೀ ಕೇಳುತ್ತ ಕೇಳುತ್ತ ಅವರ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ, ಹತ್ತಿರ ಹೋಗಿ ಬಿಡಿಸಿ ಹೇಳಿದರೆ ತಲುಪುತ್ತದೆ.

ಆದರೆ ನಮಗೆ ಇದೊಂದು ಕೊರತೆ ಎಂದು ಅನ್ನಿಸಿದ್ದೇ ಇಲ್ಲ. ಮಗ್ಗದ ಮನೆಯಲ್ಲಿ ಕಿವಿ ಚೆನ್ನಾಗಿರುವವರೂ ತುಟಿ ನೋಡಿಯೇ ಮಾತು ತಿಳಿಯುವುದು. ನಾನು ಈ ಮನೆಗೆ ಬಂದ ಹೊಸದರಲ್ಲಿ ನಾವಿಬ್ಬರೂ ಜಗಳವಾಡಿದ್ದು, ರಾಜಿಯಾದದ್ದು ಎಲ್ಲ ಮಗ್ಗದ ಆಚೆ ಈಚೆ ನಿಂತು, ತುಟಿಯಲ್ಲಿ, ಕೈಸನ್ನೆಯಲ್ಲಿ. ಬೆಳಕಿದ್ದರೆ ನನ್ನ ಒಂದು ಮಾತೂ ಅವರಿಗೆ ತಪ್ಪುವುದಿಲ್ಲ. ತಮ್ಮ ದನಿಯ ಅಳತೆ ಮಾತ್ರ ಅವರಿಗೆ ತಿಳಿಯದು. ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುವವರೇ ಆದ್ದರಿಂದ ಅದನ್ನು ಯಾರೂ ಎತ್ತಿ ಆಡಿದ್ದೂ ಇಲ್ಲ.

ಆ ದಿನ ಲೈನ್ ದುರಸ್ತಿ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ ಎಂದು ಮೊದಲೇ ತಿಳಿದಿತ್ತು. ಕರೆಂಟ್ ಇಲ್ಲದ ದಿನವೇ ನಮಗೆ ಭಾನುವಾರ. ನಮ್ಮ ಮಗಳು ಮದುವೆಯಾಗಿ ನೆಲಮಂಗಲದಲ್ಲಿದ್ದಾಳೆ, ಸೋಂಪುರದ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ಹಿಂದಿನ ದಿನ ಫೋನಿನಲ್ಲಿ ಈ ಸುದ್ದಿ ಹೇಳಿದ್ದೇ ತಡ, ಅವಳು ಹಟ ಹಿಡಿದಳು.

"ಅಮ್ಮಾ, ಕರೆಂಟ್ ಇಲ್ಲ ಅಂತ ಮನೆ ಗುಡಿಸ್ಕೊಂಡು ಕೂತ್ಕೋಬೇಡ. ಇಬ್ರೂ ಸಿನಿಮಾಕ್ಕೆ ಹೋಗಿ. ದೇವನಹಳ್ಳಿ ಕಡೆ ಹೊಸಾ ಮಾಲ್ ಆಗಿದ್ಯಲ್ಲ, ಅಲ್ಲಿಗೆ ನಾನೇ ಟಿಕೆಟ್ ಮಾಡಿಸ್ತೀನಿ. ಊಟಾನೂ ಹೊರಗಡೇನೇ ಮಾಡಿ."

"ನಿಮ್ಮಪ್ಪ ಬರ್ತಾರೇನೆ?"

"ಕೇಳಿ ನೋಡು."

ಕೇಳಿದೆ. ಅವರು ಗಡ್ಡ ಕೆರೆದುಕೊಂಡು, ಬೀದಿಯ ತುದಿಯವರೆಗೂ ಕೇಳುವಂತೆ, "ಹೋಗಣ ಬಿಡು! ಎಷ್ಟು ವರ್ಷ ಆಯ್ತು ನಾವಿಬ್ರೇ ಎಲ್ಲಾದ್ರೂ ಹೋಗಿ!" ಎಂದರು. ಎದುರು ಮನೆಯಾಕೆ ಕಿಟಕಿಯಿಂದ ನೋಡಿ ನಕ್ಕಳು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಬೆಳಿಗ್ಗೆ ಅವರು ನುಣ್ಣಗೆ ಕ್ಷೌರ ಮಾಡಿಕೊಂಡು, ಮಗಳ ಮದುವೆಗೆ ಹೊಲಿಸಿದ್ದ ಶರ್ಟು ಹಾಕಿಕೊಂಡರು. ನಾನು ನಮ್ಮ ಮಗ್ಗದಲ್ಲೇ ನೇಯ್ದ ಸೀರೆ ಉಟ್ಟೆ. ಸ್ಕೂಟರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರ ವರದಿ ನಡೆದೇ ಇತ್ತು. "ಇಲ್ಲಿ ದ್ರಾಕ್ಷಿ ತೋಟ ಇತ್ತಲ್ಲೇ, ನೋಡು, ಸೈಟ್ ಮಾಡವ್ರೆ!" "ಆ ಬೆಟ್ಟ ನೋಡೇ, ಇವತ್ತು ಮೋಡ ಕೂತೈತೆ!" ಪಕ್ಕದಲ್ಲಿ ಹೋಗುತ್ತಿದ್ದ ಬೈಕಿನವರು ತಿರುಗಿ ನೋಡುತ್ತಿದ್ದರು, ಅವರನ್ನೇ ಕರೆದರೇನೋ ಎಂದುಕೊಂಡು. ನಾನು ಬೆನ್ನ ಹಿಂದೆ ಕೂತು ನಗುತ್ತಿದ್ದೆ. ಆ ಬೆಳಗಿನಷ್ಟು ಹಗುರವಾಗಿ ನಾವು ಬಹಳ ಕಾಲದಿಂದ ಇದ್ದಿರಲಿಲ್ಲ. ಅದಕ್ಕೇ ಮುಂದಿನದನ್ನು ನೆನೆದರೆ ನನಗೆ ಇಷ್ಟು ಸಿಟ್ಟು.

ಥಿಯೇಟರು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ತಣ್ಣಗಿನ ಗಾಳಿ, ಮೆತ್ತನೆಯ ಕುರ್ಚಿ. ಮಗಳು ನಡುವಿನ ಸಾಲಿನಲ್ಲಿ ಸೀಟು ಹಿಡಿದಿದ್ದಳು. ವಾರದ ನಡುವಿನ ದಿನವಾದರೂ ಅರ್ಧಕ್ಕಿಂತ ಹೆಚ್ಚು ಜನ ಇದ್ದರು. ಸಿನಿಮಾ ಕನ್ನಡದ್ದೇ, ಮದುವೆಯ ದಿನ ಮದುಮಗನ ತಾತ ಕಾಣೆಯಾಗುವ ನಗೆಯ ಕಥೆ. ದೀಪ ಆರಿತು. ಚಿತ್ರ ಶುರುವಾದ ಕೂಡಲೇ ಪರದೆಯ ಕೆಳಗೆ ಸಾಲಾಗಿ ಅಕ್ಷರಗಳು ಬರತೊಡಗಿದವು. ಅವರು ನನ್ನ ತೊಡೆ ತಟ್ಟಿ, "ಲೇ, ಅಕ್ಷರ ಬರ್ತೈತೆ ಕಣೇ!" ಎಂದರು. ಆ ದನಿಯಲ್ಲಿದ್ದ ಸಂತೋಷ ನನಗೆ ಇನ್ನೂ ಕೇಳಿಸುತ್ತದೆ. ಮಾತಾಡುವುದನ್ನೆಲ್ಲ ಬರೆದು ತೋರಿಸುತ್ತಾರೆ, ತಾನು ಓದಿಕೊಳ್ಳಬಹುದು ಎಂದು ಅವರು ಮುಂದಕ್ಕೆ ಬಾಗಿ ಕೂತರು. ಒಂದು ಗಳಿಗೆ ನೋಡಿ, ಹಿಂದಕ್ಕೆ ಒರಗಿದರು. ಅದು ಇಂಗ್ಲಿಷ್. ಅವರಿಗೆ ಇಂಗ್ಲಿಷ್ ಬರದು.

ಪರದೆಯ ಮೇಲಿನ ಮುಖಗಳು ಆಗಾಗ ತಿರುಗುತ್ತವೆ, ಬೆನ್ನು ಹಾಕುತ್ತವೆ, ಹಾಗಾಗಿ ತುಟಿ ನೋಡಿ ಎಲ್ಲವನ್ನೂ ಹಿಡಿಯಲಾಗುವುದಿಲ್ಲ. ನನ್ನ ತುಟಿ ನೋಡೋಣವೆಂದರೆ ಕತ್ತಲೆ. ಹಾಗಾಗಿ ನಾನು ಅವರ ಬಲಗಿವಿಗೆ ಬಾಯಿ ಹಚ್ಚಿ ಮುಖ್ಯವಾದ ಮಾತುಗಳನ್ನು ಹೇಳತೊಡಗಿದೆ. ನನ್ನ ದನಿ ಯಾರಿಗೂ ಕೇಳುವಂತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅವರು ನಗುವುದು ಎಲ್ಲರೂ ನಕ್ಕು ಮುಗಿಸಿದ ಮೇಲೆ. ಸಭಾಂಗಣವೆಲ್ಲ ಸುಮ್ಮನಾದಾಗ ಅವರೊಬ್ಬರೇ ಗಹಗಹಿಸುವುದು. ಮೊದಲ ಸಲ ಹಾಗಾದಾಗ ಜನ ಅದಕ್ಕೇ ಇನ್ನೊಮ್ಮೆ ನಕ್ಕರು. ಎರಡನೆಯ ಸಲ ಕೆಲವರು ಯಾರಿದು ಎಂದು ಹುಡುಕಿ ನೋಡಿದರು.

ಆಮೇಲೆ ತಾತ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿಯ ಜೊತೆ ಮಾತಾಡುವ ದೃಶ್ಯ ಬಂತು. "ಏನಂದ್ಲೇ ಅವ್ಳು?" ಎಂದರು ನನ್ನವರು. ಮುಂದಿನ ಸಾಲಿನ ಹುಡುಗ ತಿರುಗಿ, "ಅಂಕಲ್, ಸ್ವಲ್ಪ ಮೆಲ್ಲಗೆ" ಎಂದ. ಅವನ ಮೇಲೆ ನನಗೆ ಏನೂ ಕೋಪವಿಲ್ಲ. ಮರ್ಯಾದೆಯಿಂದಲೇ ಹೇಳಿದ. ನಾನು ಕೈ ಮುಗಿದು, "ಕಿವಿ ಕೇಳಲ್ಲಪ್ಪ, ಬೇಜಾರ್ ಮಾಡ್ಕೋಬೇಡ" ಎಂದೆ. "ಓ, ಪರ್ವಾಗಿಲ್ಲ ಆಂಟಿ" ಎಂದು ಅವನು ತಿರುಗಿ ಕೂತ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಸಲಿಲ್ಲ ಹಿಂದಿನ ಸಾಲಿನ ಹೆಂಗಸು. ನಮ್ಮ ವಯಸ್ಸಿನವಳೇ. ಚಿತ್ರ ಶುರುವಾದಾಗಿನಿಂದ ಅವಳ ಫೋನಿನ ಬೆಳಕು ನನ್ನ ಭುಜದ ಮೇಲೆ ಬೀಳುತ್ತಲೇ ಇತ್ತು. ಒಮ್ಮೆ ಕರೆ ಬಂದಾಗ ಅಲ್ಲೇ ಕೂತು, ಅನ್ನ ಇಟ್ಟಿದ್ದೀಯಾ, ಕುಕ್ಕರ್ ಎಷ್ಟು ಸಲ ಕೂಗಿತು ಎಂದು ವಿಚಾರಿಸಿದವಳೂ ಅವಳೇ. ಅವಳು ಈಗ ನನ್ನ ಕುರ್ಚಿಯ ಬೆನ್ನಿಗೆ ಬಡಿದು, "ಮನೇಲಿ ಟಿವಿ ಇಲ್ವಾ ನಿಮ್ಗೆ? ಇಂಥವ್ರನ್ನೆಲ್ಲ ಯಾಕಾದ್ರೂ ಕರ್ಕೊಂಡ್ ಬರ್ತಾರೋ" ಎಂದಳು.

ಇಂಥವ್ರು. ನಾನು ತಿರುಗಿ ಅವಳ ಮುಖ ನೋಡಿದೆ, ಫೋನಿನ ಬೆಳಕಿನಲ್ಲಿ ನೀಲಿಯಾಗಿತ್ತು. ನನ್ನವರಿಗೆ ಇದೊಂದೂ ತಿಳಿಯದು, ಅವರು ಪರದೆ ನೋಡುತ್ತ ನನ್ನ ಕೈ ಜಗ್ಗಿ, "ತಾತ ಯಾಕೆ ಓಡ್ತಾವ್ನೇ?" ಎಂದು ಕೇಳಿದರು.

ಸ್ವಲ್ಪ ಹೊತ್ತಿಗೆ ನಮ್ಮಿಬ್ಬರ ಮುಖದ ಮೇಲೆ ಟಾರ್ಚಿನ ಬೆಳಕು ಬಿತ್ತು. ಸಮವಸ್ತ್ರದ ನೌಕರನೊಬ್ಬ ಬಂದು ನಿಂತಿದ್ದ. ಮೊದಲು ಇಂಗ್ಲಿಷಿನಲ್ಲಿ ಏನೋ ಹೇಳಿದ. ನಾವು ಅಲುಗಾಡದಿದ್ದಾಗ, "ಕಂಪ್ಲೇಂಟ್ ಬಂದಿದೆ, ಇಬ್ರೂ ಒಂದ್ನಿಮಿಷ ಆಚೆ ಬನ್ನಿ" ಎಂದ. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರಿಂದ ನನ್ನವರಿಗೆ ಅವನ ತುಟಿ ಕಾಣಲಿಲ್ಲ. ಟಿಕೆಟ್ ಕೇಳಲು ಬಂದಿದ್ದಾನೆ ಎಂದುಕೊಂಡರು. "ಟಿಕೆಟ್ ಐತಪ್ಪಾ! ಮಗಳು ಮಾಡ್ಸವ್ಳೆ! ಫೋನಲ್ಲೈತೆ! ತೋರ್ಸೇ!" ಎಂದರು. ಇಡೀ ಸಭಾಂಗಣ ನಕ್ಕಿತು. ಪರದೆಯ ಮೇಲೆ ನಗುವಂಥದ್ದು ಏನೂ ನಡೆಯುತ್ತಿರಲಿಲ್ಲ. ಜನ ನಗುತ್ತಿದ್ದದ್ದು ನನ್ನ ಗಂಡನನ್ನು ನೋಡಿ.

ಆ ನಗುವಿನ ನಡುವೆಯೇ ಸಾಲಿನಲ್ಲಿ ಕೂತವರ ಮೊಣಕಾಲು ದಾಟಿಕೊಂಡು ಹೊರಗೆ ಬಂದೆವು. ಹೊರಗೆ ಕಣ್ಣು ಕುಕ್ಕುವ ಬೆಳಕಿನಲ್ಲಿ ಮ್ಯಾನೇಜರ್ ನಿಂತಿದ್ದ. ಚಿಕ್ಕ ವಯಸ್ಸು, ಟೈ ಕಟ್ಟಿದ್ದ. "ಸರ್, ನೀವು ತುಂಬಾ ಜೋರಾಗಿ ಮಾತಾಡ್ತಿದ್ದೀರ. ಬೇರೆ ಕಸ್ಟಮರ್ಸ್‌ಗೆ ತೊಂದ್ರೆ ಆಗ್ತಿದೆ. ಬೇಕಾದ್ರೆ ಪರದೆ ಹತ್ರ ಮೊದಲ್ನೇ ಸಾಲಲ್ಲಿ ಕೂರಿ, ಅಲ್ಲಿ ಯಾರೂ ಇಲ್ಲ. ಆದ್ರೆ ಮಾತಾಡಂಗಿಲ್ಲ" ಎಂದ. ಅಲ್ಲಿ ಬೆಳಕಿತ್ತು. ನನ್ನ ಗಂಡ ಅವನ ತುಟಿಯಿಂದ ಪ್ರತಿ ಅಕ್ಷರವನ್ನೂ ಓದಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅವರ ಮುಖದಲ್ಲಿ ಬೆಳಗಿನಿಂದ ಇದ್ದ ಗೆಲುವು ಹಾಗೇ ಇಳಿದುಹೋಯಿತು.

"ಬಾರೇ, ಹೋಗಣ" ಎಂದರು. "ಹೊಟ್ಟೆ ಹಸೀತೈತೆ."

ಹಸಿವೇನೂ ಆಗಿರಲಿಲ್ಲ ಅವರಿಗೆ. ಮ್ಯಾನೇಜರಿಗೆ ಅವರು "ಸಾರಿ ಸಾ" ಎಂದದ್ದು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ದುಡ್ಡು ಕೊಟ್ಟು ಬಂದವರನ್ನು ನಡು ಚಿತ್ರದಲ್ಲಿ ಎಬ್ಬಿಸಿದವನ ಹತ್ತಿರ ಇವರು ಯಾಕೆ ಕ್ಷಮೆ ಕೇಳಬೇಕು? ಅಲ್ಲೇ ಕೇಳಬೇಕಿತ್ತು ನಾನು. ಸಿಟ್ಟು ವಿಪರೀತ ಬಂದಾಗ ನನಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಆ ಟೈ ಹುಡುಗನ ಮುಂದೆ ಅಳಬಾರದು ಎಂದು ಸುಮ್ಮನೆ ಅವರ ಹಿಂದೆ ನಡೆದೆ.

ಮಾಲಿನಿಂದ ಸ್ವಲ್ಪ ದೂರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಒಂದು ದೊಡ್ಡ ಹೋಟೆಲಿತ್ತು. ಒಳಗೆ ಹೋದರೆ ಕಿವಿಗಡಚಿಕ್ಕುವ ಹಾಡು ಹಾಕಿದ್ದರು. ಒಂದು ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ, ಎಲ್ಲರೂ ಚಪ್ಪಾಳೆ ತಟ್ಟಿ ಕಿರುಚುತ್ತಿದ್ದರು. ಇನ್ನೊಂದು ಮೇಜಿನಲ್ಲಿ ಸೈಟು ಮಾರುವವರಿರಬೇಕು, ಫೋನಿನಲ್ಲಿ ಅಡಿ ಲೆಕ್ಕವನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಮಕ್ಕಳು ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಂಡು ಕೂತಿದ್ದವು, ಅದರ ದನಿ ಬೇರೆ. ಒಬ್ಬರಾದರೂ ಬಂದು ಅವರಿಗೆ ಮೆಲ್ಲಗೆ ಎನ್ನಲಿಲ್ಲ. ನಾನು ಅದನ್ನೇ ನೋಡುತ್ತ ಕೂತೆ. ಗದ್ದಲದ ಮೇಲೆ ಈ ಜನಕ್ಕೆ ಏನೂ ದ್ವೇಷವಿಲ್ಲ. ಗದ್ದಲ ಮಾಡುವವನು ಯಾರು, ಅವನ ಶರ್ಟು ಎಂಥದು ಎಂಬುದಷ್ಟೇ ಲೆಕ್ಕ.

ಅವರು ಮೆನು ಕೈಯಲ್ಲಿ ಹಿಡಿದು ಅದನ್ನು ನೋಡದೇ ಕೂತಿದ್ದರು. ಆಮೇಲೆ ತಲೆಯೆತ್ತಿ ತುಟಿ ಆಡಿಸಿದರು. ದನಿಯೇ ಇಲ್ಲ, ಮಗ್ಗದ ಮನೆಯಲ್ಲಿ ಮಾತಾಡುವ ಹಾಗೆ.

"ನಾನು ಅಷ್ಟು ಜೋರಾಗಿ ಮಾತಾಡ್ತೀನೇನೇ?"

ಅವರಿಗೆ ನಾನು ಸುಳ್ಳು ಹೇಳಿದರೆ ತುಟಿಯಲ್ಲೇ ಸಿಕ್ಕಿಬೀಳುತ್ತೇನೆ.

"ಹೂಂ, ಜೋರೇ" ಎಂದೆ.

"ಯಾವತ್ತಿಂದ?"

"ನಾನು ಬಂದಾಗಿಂದ್ಲೂ."

"ಮತ್ತೆ ಹೇಳ್ಲೇ ಇಲ್ಲ ನೀನು."

"ಹೇಳೋಕೇನೈತ್ರೀ ಅದ್ರಲ್ಲಿ? ನಿಮ್ಮ ದನಿ ಅದು. ಮೂಗು ಹಿಂಗೈತೆ ಅಂತ ಹೇಳ್ತಾರಾ ಯಾರಾದ್ರೂ?"

ಅವರು ನಗಲಿಲ್ಲ. ಅಷ್ಟರಲ್ಲಿ ಸಪ್ಲೈಯರ್ ಬಂದು ನಿಂತ. ದಿನಾ ಮುದ್ದೆ ತಿನ್ನುವವರು, ಇವತ್ತು ಬೆಣ್ಣೆ ಹಾಕಿದ ನಾನ್, ಪನೀರು ತಿನ್ನಬೇಕು ಎಂದು ಬೆಳಿಗ್ಗೆ ಸ್ಕೂಟರಿನ ಮೇಲೆ ಕೂಗಿ ಹೇಳಿದ್ದರು. ಈಗ ಅದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ಆ ಹಾಡಿನ ಅಬ್ಬರದಲ್ಲಿ ಅವನಿಗೆ ಒಂದಕ್ಷರವೂ ಕೇಳಲಿಲ್ಲ. "ಏನ್ ಸಾರ್?" ಎಂದು ಬಾಗಿದ. ಅವರು ಮತ್ತೆ ಹೇಳಿದರು, ಇನ್ನೂ ಮೆಲ್ಲಗೆ. "ಸಾರ್, ಸ್ವಲ್ಪ ಜೋರಾಗ್ ಹೇಳಿ ಸಾರ್" ಎಂದ ಅವನು.

ಅವರು ನನ್ನ ಮುಖ ನೋಡಿದರು. ಎಷ್ಟು ಜೋರು ಸರಿ, ಎಷ್ಟು ತಪ್ಪು ಎಂದು ನನ್ನನ್ನು ಕೇಳುತ್ತಿರುವಂತಿತ್ತು ಆ ನೋಟ. ಹುಟ್ಟಿದಾಗಿನಿಂದ ತನ್ನ ಗಂಟಲಿನ ಬಗ್ಗೆ ಒಮ್ಮೆಯೂ ಯೋಚಿಸದೆ ಬದುಕಿದ ಮನುಷ್ಯ, ಒಂದು ತುತ್ತು ಊಟ ಕೇಳಲು ಹೆದರಿ ಕೂತಿದ್ದರು. ಊಟ ಬಂತು. ನಾನ್ ಮೆತ್ತಗಿತ್ತು, ಪನೀರು ಚೆನ್ನಾಗಿತ್ತು. ಅವರು ತಟ್ಟೆ ನೋಡುತ್ತ ತಿಂದರು. ಅವರು ತಟ್ಟೆ ನೋಡುತ್ತಿದ್ದರೆ ನಾನು ಏನು ಹೇಳಿದರೂ ತಲುಪದು. ಅವರಿಗೆ ಅದು ಗೊತ್ತಿತ್ತು.

ಕೈ ತೊಳೆಯಲು ಎದ್ದಾಗ ನನ್ನ ಮಾತು ವಾಪಸ್ಸು ಬಂತು. ಹೊರಗೆ ಸ್ಕೂಟರಿನ ಹತ್ತಿರ ಅವರ ಎದುರು ನಿಂತು, "ನಡೀರಿ, ಮತ್ತೆ ಥಿಯೇಟ್ರಿಗೆ ಹೋಗಣ" ಎಂದೆ.

"ಯಾಕೆ? ಬ್ಯಾಡ. ಮನೆಗೆ ಹೋಗಣ."

"ನೀವು ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ."

"ಲೇ, ಜಗಳ ಮಾಡ್ಬ್ಯಾಡ ಕಣೇ. ಯಾವನೋ ಏನೋ ಅಂದ."

"ನಿಮ್ಗೆ ಅಂದ. ನಿಮ್ಮನ್ನ ಎಬ್ಬಿಸ್ದ" ಎಂದು ನಾನು ನಡೆಯತೊಡಗಿದೆ. ಅವರು ಸ್ಕೂಟರ್ ತಳ್ಳಿಕೊಂಡು ಹಿಂದೆ ಬಂದರು.

ಟಿಕೆಟ್ ಕೊಡುವ ಕಡೆ ಮುಂದಿನ ಆಟಕ್ಕೆ ಜನ ಸೇರತೊಡಗಿದ್ದರು. ಆ ಮ್ಯಾನೇಜರನ್ನು ಕರೆಸಿ ಎಂದೆ. ಒಳಗಿದ್ದ ಹುಡುಗಿ ಏನು ವಿಷಯ ಎಂದಳು. ಅವರ ಹತ್ತಿರವೇ ಹೇಳುತ್ತೇನೆ ಎಂದೆ. ಅವನು ಬಂದ. ನಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದು, ಮುಖ ಗಂಟು ಹಾಕಿದ.

ನಾನು ಮಗ್ಗದ ಮನೆಯ ಹೆಂಗಸು. ನನಗೂ ಜೋರಾಗಿ ಮಾತಾಡಲು ಬರುತ್ತದೆ.

"ಏನಪ್ಪಾ, ನೀವು ತೋರ್ಸೋ ಸಿನಿಮಾ ಯಾವ ಭಾಷೇದು?" ಎಂದೆ.

"ಕನ್ನಡ ಮೇಡಂ."

"ಕೆಳಗಡೆ ಬರ್ತಿತ್ತಲ್ಲ ಅಕ್ಷರ, ಅದು ಯಾವ ಭಾಷೆ?"

"ಇಂಗ್ಲಿಷ್. ಸಬ್‌ಟೈಟಲ್ ಅದು. ಕನ್ನಡ ಬರ್ದೇ ಇರೋರಿಗೆ."

"ಕನ್ನಡ ಬರ್ದೇ ಇರೋರಿಗೆ ತೊಂದ್ರೆ ಆಗ್ಬಾರ್ದು ಅಂತ ಅಕ್ಷರ ಹಾಕ್ತೀರ. ಒಳ್ಳೇದು. ಕನ್ನಡ ಬರೋನಿಗೆ ಕಿವಿ ಕೇಳ್ದಿದ್ರೆ ಏನ್ ಹಾಕ್ತೀರ? ನಮ್ಮೋರು ಕನ್ನಡ ಪೇಪರ್ ಮೊದಲ ಪುಟದಿಂದ ಕಡೇ ಪುಟದ್ವರ್ಗೂ ಓದ್ತಾರೆ. ಅದೇ ಅಕ್ಷರ ಕನ್ನಡದಲ್ಲಿ ಹಾಕಿದ್ರೆ ಇವ್ರು ಬಾಯೇ ಬಿಡ್ತಿರ್ಲಿಲ್ಲ. ನಂಗೂ ಇವ್ರ ಕಿವೀಲಿ ಕಥೆ ಹೇಳೋ ಕೆಲ್ಸ ಇರ್ತಿರ್ಲಿಲ್ಲ."

ಸಾಲಿನಲ್ಲಿ ನಿಂತಿದ್ದವರೆಲ್ಲ ಈ ಕಡೆ ತಿರುಗಿದರು. ತಿರುಗಲಿ ಎಂದೇ ನಾನು ಹಾಗೆ ಹೇಳಿದ್ದು.

ಅವನು ದನಿ ತಗ್ಗಿಸಿ, "ಮೇಡಂ, ಅದು ನಮ್ಮ ಕೈಲಿಲ್ಲ. ಸಿನಿಮಾದವ್ರು ಹೆಂಗೆ ಕೊಡ್ತಾರೋ ಹಂಗೆ ಹಾಕ್ತೀವಿ" ಎಂದ.

"ಎಬ್ಬಿಸಿ ಆಚೆ ಕಳ್ಸೋದು ನಿಮ್ಮ ಕೈಲಿತ್ತಲ್ಲ? ಹಿಂದ್ಗಡೆ ಕೂತು ಫೋನಲ್ಲಿ ಅಡಿಗೆ ಹೇಳ್ಕೊಡ್ತಿದ್ದೋಳ್ನ ಯಾಕೆ ಎಬ್ಬಿಸ್ಲಿಲ್ಲ? ಅವ್ಳು ಕಂಪ್ಲೇಂಟ್ ಕೊಟ್ಲು, ನಾವು ಕೊಡ್ಲಿಲ್ಲ, ಅಷ್ಟೇ ಅಲ್ವಾ? ಇವ್ರಿಗೆ ಕಿವಿ ಕೇಳಲ್ಲ ಅಂತ ಯಾರಾದ್ರೂ ಒಂದು ಮಾತು ವಿಚಾರ್ಸಿದ್ರಾ? ಟಾರ್ಚ್ ಹಾಕಿ ನಗೋರ ಮುಂದೆ ಎಬ್ಬಿಸ್ಕೊಂಡ್ ಬಂದ್ರಲ್ಲ, ನಿಮ್ಮ ತಂದೇನಾದ್ರೆ ಹಿಂಗೇ ಮಾಡ್ತಿದ್ರಾ?"

ಸಾಲಿನಲ್ಲಿದ್ದ ಒಬ್ಬ ಹಿರಿಯರು, "ಆಯಮ್ಮ ಕೇಳ್ತಿರೋದು ಸರಿಯಾಗೇ ಇದೆ" ಎಂದರು. ಮ್ಯಾನೇಜರ್ ಟೈ ಸರಿಮಾಡಿಕೊಂಡ. ಈಗ ಶುರುವಾಗುವ ಆಟಕ್ಕೆ ಕೂರಿಸುತ್ತೇನೆ, ಅಷ್ಟು ಜನವೂ ಇರುವುದಿಲ್ಲ, ಹಿಂದಿನ ಮೂಲೆಯಲ್ಲಿ ಕೂತು ಆರಾಮಾಗಿ ಮಾತಾಡಿಕೊಂಡು ನೋಡಿ ಎಂದ. ಅವನಿಗೆ ನಮ್ಮನ್ನು ಅಲ್ಲಿಂದ ಸಾಗಿಸಿದರೆ ಸಾಕಾಗಿತ್ತು ಎಂದು ನನಗೆ ಗೊತ್ತು. ಆದರೂ ಅವನು ಹೊರಡುವಾಗ ಒಂದು ಕೆಲಸ ಮಾಡಿದ. ನನ್ನ ಗಂಡನ ಎದುರು ಬಂದು ನಿಂತು, ತುಟಿ ಕಾಣುವಂತೆ, "ಸಾರಿ ಸರ್, ನಂಗೆ ಗೊತ್ತಿರ್ಲಿಲ್ಲ" ಎಂದ. ಅವನಿಂದ ನಾನು ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಅವರು ತಲೆಯಾಡಿಸಿದರು.

ಗೆದ್ದೆ ಎಂದುಕೊಂಡು ಒಳಗೆ ಹೋದೆ. ಅದೇ ಸಿನಿಮಾ ಮತ್ತೆ ಮೊದಲಿನಿಂದ. ಅಲ್ಲೊಬ್ಬರು ಇಲ್ಲೊಬ್ಬರು ಬಿಟ್ಟರೆ ಜನವೇ ಇರಲಿಲ್ಲ. ನಮ್ಮ ಸಾಲಿನಲ್ಲಿ ಯಾರೂ ಇಲ್ಲ, ಮುಂದಿನ ಸಾಲಿನಲ್ಲೂ ಯಾರೂ ಇಲ್ಲ. ನಾನು ಧೈರ್ಯವಾಗಿ ಅವರ ಬಲಗಿವಿಗೆ ಬಾಯಿಟ್ಟು ಹೇಳತೊಡಗಿದೆ. ಅವರು ತಮ್ಮ ತುಟಿಯ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದರು.

"ಯಾರೂ ಇಲ್ಲ ಕಣ್ರೀ, ಹೇಳ್ತೀನಿ ಕೇಳಿ" ಎಂದೆ.

ಮತ್ತೆ ಅದೇ ಬೆರಳು.

ಎರಡೂವರೆ ಗಂಟೆಯ ಸಿನಿಮಾದಲ್ಲಿ ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಾತ ಯಾಕೆ ಓಡಿದ, ಮುದುಕಿ ಏನಂದಳು, ಒಂದೂ ಇಲ್ಲ. ನಡುನಡುವೆ ನಕ್ಕರು. ತಡವಾಗಿ ಅಲ್ಲ, ಎಲ್ಲರೂ ನಕ್ಕಾಗಲೇ ನಕ್ಕರು. ಮೊದಲು ನನಗೆ ಆಶ್ಚರ್ಯವಾಯಿತು. ಆಮೇಲೆ ಕಂಡುಹಿಡಿದೆ. ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ. ದೂರದ ಸಾಲುಗಳಲ್ಲಿ ಕೂತ ನಾಲ್ಕಾರು ಜನರ ತಲೆ, ಭುಜ ಅಲುಗಾಡುವುದನ್ನು ನೋಡಿಕೊಂಡು, ಅದಕ್ಕೆ ಸರಿಯಾಗಿ ತಾವೂ ನಗುತ್ತಿದ್ದರು. ದನಿಯಿಲ್ಲದೆ, ಬರೀ ಹಲ್ಲು ತೋರಿಸಿ.

ಆ ಮ್ಯಾನೇಜರ್ ಕ್ಷಮೆ ಕೇಳಿದ್ದ, ಸೀಟು ಕೊಟ್ಟಿದ್ದ. ಅವರ ಮೊದಲಿನ ನಗುವನ್ನು ಯಾರಿಂದ ವಾಪಸ್ಸು ಕೇಳಲಿ ನಾನು?

ಸಂಜೆ ಮಗಳು ಫೋನ್ ಮಾಡಿದಳು. ಫೋನಿನಲ್ಲಿ ಮುಖ ಕಾಣಿಸಿಕೊಂಡೇ ಅವರಿಬ್ಬರೂ ಮಾತಾಡುವುದು. "ಹೆಂಗಿತ್ತಪ್ಪಾ ಸಿನಿಮಾ?" ಎಂದಳು. "ಚೆನ್ನಾಗಿತ್ತು ಮಗಾ" ಎಂದರು ಇವರು. ಅವಳು ಗಾಬರಿಯಾದಳು. "ಯಾಕಪ್ಪಾ, ಗಂಟ್ಲು ಕಟ್ಟಿದ್ಯಾ? ಅಲ್ಲಿ ಕೋಲ್ಡ್ ಏನಾದ್ರೂ ಕುಡುದ್ರಾ?" ಎಂದು ಕೇಳಿದಳು. ಅವಳು ಹುಟ್ಟಿದಾಗಿನಿಂದ ಅಪ್ಪನ ದನಿ ಅಷ್ಟು ತಗ್ಗಿದ್ದನ್ನು ಕೇಳಿರಲಿಲ್ಲ. ಈಗ ಬೇಡ, ಬೆಳಿಗ್ಗೆ ಎಲ್ಲ ಹೇಳುತ್ತೇನೆ ಎಂದು ನಾನು ಫೋನ್ ಇಟ್ಟುಬಿಟ್ಟೆ. ಮಾರನೇ ದಿನ ಹೇಳಿದಾಗ ಅವಳು ಅತ್ತಳು. ಟಿಕೆಟ್ ಮಾಡಿಸಿದ್ದೇ ತಪ್ಪಾಯಿತು ಎಂದಳು. ನೀನ್ಯಾಕೆ ತಪ್ಪು ಅಂತೀಯ, ತಪ್ಪು ಮಾಡದವರೇ ಎಲ್ಲರೂ ಸಾರಿ ಕೇಳುತ್ತಿದ್ದೀರಲ್ಲ ಎಂದು ಅವಳ ಮೇಲೂ ರೇಗಿದೆ.

ಅದಾದ ಮೇಲೆ ನನ್ನವರು ಮನೆಯಲ್ಲಿ ಹೇಗೋ ಮಾತಾಡಿಕೊಂಡಿದ್ದರು. ಹೊಸ್ತಿಲು ದಾಟಿದರೆ ಮಾತ್ರ ಬಾಯಿ ಮುಚ್ಚುತ್ತಿತ್ತು. ಅಂಗಡಿಯಲ್ಲಿ ಸಾಮಾನು ಕೇಳುವುದು ನಾನು, ಬಸ್ಸಿನಲ್ಲಿ ಊರು ಹೇಳುವುದು ನಾನು. ಯಾರಾದರೂ ಮಾತಾಡಿಸಿದರೆ ನನ್ನ ಮೊಣಕೈ ಮುಟ್ಟುತ್ತಿದ್ದರು. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಲಗಿವಿಗೆ ಮೆಷಿನ್ ಹಾಕಬಹುದು, ಮನೆಯಲ್ಲಿ ಮಾತಾಡಲು ಅನುಕೂಲ, ಮಗ್ಗದ ಹತ್ತಿರ ಮಾತ್ರ ತೆಗೆದಿಡಬೇಕು ಎಂದರು ಅವರು. ನೋಡೋಣ ಎಂದರು ಇವರು. ಅದೂ ನನ್ನ ಮೂಲಕವೇ ಹೇಳಿಸಿದರು.

ಒಂದು ದಿನ ನೇಯ್ದ ಸೀರೆಗಳನ್ನು ಕೊಡಲು ಪೇಟೆ ಬೀದಿಯ ಸಾಹುಕಾರರ ಅಂಗಡಿಗೆ ಹೋದೆವು. ಇವರು ಹುಡುಗನಾಗಿದ್ದಾಗಿನಿಂದ ಬಲ್ಲವರು ಅವರು. ಪ್ರತಿ ಸಲವೂ ಬಾಗಿಲಲ್ಲೇ, "ಏನ್ ಸಾವ್ಕಾರ್ರೇ!" ಎಂದು ಇವರು ಕೂಗಿದರೆ, ಅವರು ಗದ್ದಿಗೆಯಿಂದಲೇ, "ಬಂದ್ಯಾ, ನಿನ್ ಸದ್ದು ಬಸ್‌ಸ್ಟ್ಯಾಂಡಲ್ಲೇ ಕೇಳಿಸ್ತು" ಎಂದು ತಮಾಷೆ ಮಾಡುವುದು ರೂಢಿ, ಇವರು ಅದನ್ನು ನಿಜವೆಂದು ಎಣಿಸಿದ್ದೇ ಇಲ್ಲ. ಅವತ್ತು ಇವರು ಸುಮ್ಮನೆ ಹೋಗಿ ಕೂತರು. ಸಾಹುಕಾರರು ಸೀರೆ ಬಿಚ್ಚಿ, ಅಂಚು ನೋಡಿ, "ಈ ಸಲ ಬಣ್ಣ ಯಾಕಪ್ಪ ಬೇರೆ ಬಂದೈತೆ?" ಎಂದರು. ಇವರಿಗೆ ಅದರ ಕಾರಣ ಚೆನ್ನಾಗಿ ಗೊತ್ತು. ನನ್ನ ಮೊಣಕೈ ಮುಟ್ಟಿದರು.

ನಾನು ಎದ್ದೆ. "ನಂಗೆ ಗೊತ್ತಿಲ್ಲ" ಎಂದು ಸಾಹುಕಾರರಿಗೆ ಹೇಳಿ, ಚಪ್ಪಲಿ ಮೆಟ್ಟಿ ಬೀದಿಗೆ ಬಂದು ನಿಂತೆ. ಒಳಗೆ ಸಾಹುಕಾರರು ಇನ್ನೊಮ್ಮೆ ಏನೋ ಕೇಳಿದರು. ಏನೋ ಗುಣುಗುಣು ಎಂಬಂತೆ ಉತ್ತರ ಬಂತು. "ಏನಂದೆ? ನೆಟ್ಟಗೆ ಹೇಳೋ, ನಂಗೂ ವಯಸ್ಸಾಯ್ತು, ನಿನ್ನಷ್ಟೇ ಕೇಳ್ಸೋದು!" ಎಂದು ಅವರು ಗದರಿದರು. ಆಮೇಲೆ ನನ್ನ ಗಂಡನ ದನಿ ಎದ್ದಿತು. ನೂಲು ಕೊಟ್ಟವರು ಮಾಡಿದ ಎಡವಟ್ಟು, ಅದಕ್ಕೆ ತಾವು ಹಾಕಿದ ಬೈಗುಳ, ಎಲ್ಲವೂ ಬೀದಿಗೆ ಬಂತು. ಎದುರಿನ ಹೂವಿನವಳು ಮಾಲೆ ಕಟ್ಟುವುದು ನಿಲ್ಲಿಸಿ ತಲೆಯೆತ್ತಿದಳು. ನಾನು ಅವಳ ಕಡೆ ನೋಡಿ, ನೋಡು ಬೇಕಾದರೆ ಎಂಬಂತೆ ನಿಂತೆ.

ಹೊರಗೆ ಬಂದವರೇ ನನ್ನ ಮೇಲೆ ಹರಿಹಾಯ್ದರು. "ಗಂಡನ್ನ ಒಬ್ನೇ ಕೂರ್ಸಿ ಎದ್ದು ಬಂದ್ಬಿಟ್ಯಲ್ಲೇ! ಬುದ್ಧಿ ಐತಾ ನಿಂಗೆ! ಸಾವ್ಕಾರ್ರು ಏನಂದ್ಕೊಂಡಿರ್ಬೇಕು!" ಪೇಟೆ ಬೀದಿಯಿಂದ ನಮ್ಮ ಮನೆಯವರೆಗೂ ಬೈದುಕೊಂಡೇ ಬಂದರು. ಜನ ನಿಂತು ನೋಡುತ್ತಿದ್ದರು. ನಾನೂ ಬಿಡಲಿಲ್ಲ, ನನ್ನ ಪಾಲಿನ ಜಗಳವನ್ನು ನಾನೂ ಆಡಿದೆ. ಮೆಲ್ಲಗೆ ಮಾತಾಡಿ ಎಂದು ಮಾತ್ರ ನಾನು ಹೇಳಲಿಲ್ಲ.